ಅಂಟು ರಬ್ಬರಿಗೆ ಎರಡು ಆಟಿ: ಸರ್ವ್‌ಗಾಗಿ ಹರಿಕೇನ್ 3 ನಿಯೋ

ಹರಿಕೇನ್ 3 ನಿಯೋ ಅಂದರೆ ಟೇಬಲ್ ಟೆನಿಸ್ ಬ್ಯಾಟಿಗೆ ಹಚ್ಚುವ, ಮೇಲ್ಮೈ ಅಂಟಂಟಾಗಿರುವ ರಬ್ಬರ್. ಸರ್ವ್‌ಗೆ ಸ್ಪಿನ್ ಹೆಚ್ಚಲಿ ಅಂತ ಇದನ್ನು ಕೊಂಡವರಿಗೆ ಸ್ಪಿನ್ ಸಿಗುತ್ತದೆ. ಅದಕ್ಕಿಂತ ದೊಡ್ಡ ಲಾಭ ಸ್ಪಿನ್ ಇಲ್ಲದ ಸರ್ವ್‌ನಲ್ಲಿದೆ, ಅದು ಹೇಗೆ ಅಂತ ಮುಂದೆ ಇದೆ. ಆದರೆ ಕಾಸರಗೋಡಿನ ಹವೆಯಲ್ಲಿ ಮೇ ಕೊನೆಯ ಪತ್ತನಾಜೆಯಿಂದ ನವರಾತ್ರಿಯವರೆಗೆ ಇದನ್ನು, ಅಕಾಲ ಮಳೆಗೆ ಅಂಗಳದ ಅಡಿಕೆ ಕಾದ ಹಾಗೆ ಕಾಯಬೇಕು. ಅಷ್ಟು ತಾಳ್ಮೆ ಇಲ್ಲದವರು ಬೇರೆ ರಬ್ಬರ್ ನೋಡುವುದೇ ಒಳ್ಳೆಯದು.

ಬಳಸಿದ್ದು ಕುಂಬಳೆ, ಬದಿಯಡ್ಕ ಕಡೆಯ ಹಂಚಿನ ಮಾಡಿನ ಕ್ಲಬ್ ಹಾಲ್‌ಗಳಲ್ಲಿ, ಎರಡು ವರ್ಷ, ಅಂದರೆ ಎರಡು ಆಟಿ (ತುಳುವರ ಮಳೆಗಾಲದ ತಿಂಗಳು), ಒಟ್ಟು ಮೂರು ಶೀಟ್. ವಾರಕ್ಕೆ ಮೂರು ದಿನ, ದಿನಕ್ಕೆ ಒಂದೂವರೆ ಗಂಟೆ, ಅದರಲ್ಲಿ 20 ನಿಮಿಷ ಸರ್ವ್ ಮಾತ್ರ. ಐದು ಪದರದ ಮರದ ಬ್ಲೇಡಿನ ಫೋರ್‌ಹ್ಯಾಂಡ್ ಬದಿಗೆ ಕಪ್ಪು ಬಣ್ಣದ ಶೀಟ್, ಅದರಡಿಯ ಸ್ಪಾಂಜ್ 2.15 ಮಿ.ಮೀ., ಗಡಸುತನ 39 ಡಿಗ್ರಿ. ಶಾಂಘೈಯ ಡಿಎಚ್‌ಎಸ್ ಕಂಪೆನಿಯ ಈ ಡಿಗ್ರಿ ಲೆಕ್ಕ ಜರ್ಮನ್ ರಬ್ಬರುಗಳ ಲೆಕ್ಕಕ್ಕೆ ತಾಳೆಯಾಗುವುದಿಲ್ಲ. ಇವರ 39 ಕೂಡ ಕೈಗೆ ಗಟ್ಟಿಯೇ. 41 ನೋಡಿ ಮರುಳಾಗಬೇಡಿ, ಅದು ದಿನಾ ತಾಲೀಮು ಮಾಡುವವರ ಭುಜಕ್ಕೆ ಮಾಡಿದ್ದು.

ಸರ್ವ್‌ಗೆ ಅಂಟು ಯಾಕೆ ಬೇಕು? ಟಾಪ್‌ಸ್ಪಿನ್ (ಚೆಂಡು ಮುಂದಕ್ಕೆ ಉರುಳುವ ಸ್ಪಿನ್) ಹೊಡೆಯುವಾಗ ಚೆಂಡು ವೇಗವಾಗಿ ಬಂದು ಸ್ಪಾಂಜಿನೊಳಗೆ ಹುಗಿಯುತ್ತದೆ, ಹಿಡಿತದ ಅರ್ಧ ಕೆಲಸವನ್ನು ಸ್ಪಾಂಜೇ ಮಾಡುತ್ತದೆ. ಸರ್ವ್‌ನಲ್ಲಿ 2.7 ಗ್ರಾಂ ಚೆಂಡು ಮೇಲಿಂದ ಸುಮ್ಮನೆ ಬೀಳುತ್ತದೆ, ಬ್ಯಾಟ್ ಅದನ್ನು ಸವರಿಕೊಂಡು ಹೋಗುತ್ತದೆ. ಸ್ಪಾಂಜಿಗೆ ಅಲ್ಲಿ ಕೆಲಸವಿಲ್ಲ, ಮೇಲಿನ ಹಾಳೆಯ ಹಿಡಿತವೊಂದೇ ಗತಿ. ಅದಕ್ಕೇ ತೆಳುವಾಗಿ ಸವರಿದರೂ ಈ ರಬ್ಬರ್ ಚೆಂಡನ್ನು ಬಿಡುವುದಿಲ್ಲ. ಜಾರುವ ರಬ್ಬರಿನಲ್ಲಿ ಅಷ್ಟೇ ತೆಳುವಾಗಿ ಸವರಿದರೆ ಚೆಂಡು ನೆಟ್‌ನ ಬುಡಕ್ಕೆ ಹೋಗುತ್ತದೆ. ಆ ಹೆದರಿಕೆಗೆ ಕೈ ತಾನಾಗಿ ಚೆಂಡನ್ನು ಗುದ್ದತೊಡಗುತ್ತದೆ, ಸ್ಪಿನ್ ಹೋಗಿ ವೇಗ ಬರುತ್ತದೆ, ಚಿಕ್ಕ ಸರ್ವ್ ಉದ್ದವಾಗುತ್ತದೆ.

ಈಗ ಆ ಸ್ಪಿನ್ ಇಲ್ಲದ ಸರ್ವ್. ಪೆಂಡುಲಮ್ ಸರ್ವ್‌ಗೆ, ಅಂದರೆ ಬ್ಯಾಟನ್ನು ಗಡಿಯಾರದ ಲೋಲಕದ ಹಾಗೆ ಬೀಸುವ ಸರ್ವ್‌ಗೆ, ಹಿಡಿಯಿಂದ ಮೂರು ಬೆರಳು ಸಡಿಲಿಸಿ, ಬ್ಲೇಡನ್ನು ಹೆಬ್ಬೆರಳು ಮತ್ತು ತೋರುಬೆರಳ ನಡುವೆ ಚಿವುಟಿ ಹಿಡಿದರೆ ಮಣಿಕಟ್ಟು ಬಿಡುಗಡೆಯಾಗುತ್ತದೆ. ಬ್ಯಾಟನ್ನು ಹೆಚ್ಚುಕಡಿಮೆ ಮಲಗಿಸಿ, ಚೆಂಡಿನ ಅಡಿಯನ್ನು ಬ್ಯಾಟಿನ ತುದಿಯ ಹತ್ತಿರದಿಂದ ಸವರಿದರೆ ಭಾರಿ ಬ್ಯಾಕ್‌ಸ್ಪಿನ್ (ಹಿಂದಕ್ಕೆ ತಿರುಗುವ ಸ್ಪಿನ್). ಅದೇ ಬೀಸು, ಅದೇ ವೇಗ, ಆದರೆ ಚೆಂಡು ತಾಗುವುದು ಹಿಡಿಯ ಹತ್ತಿರ, ಅದೂ ಅಡಿಗಿಂತ ತುಸು ಹಿಂಬದಿಗೆ: ಸ್ಪಿನ್ ಹೆಚ್ಚುಕಡಿಮೆ ಸೊನ್ನೆ. ಮಣಿಕಟ್ಟು ತಿರುಗುವಾಗ ಬ್ಯಾಟಿನ ತುದಿ ಜೋರಾಗಿ ಓಡುತ್ತದೆ, ಹಿಡಿಯ ಹತ್ತಿರದ ಭಾಗ ನಿಧಾನ. ಗುಟ್ಟು ಇಷ್ಟೇ. ಎದುರಿನವರು ಮೊದಲನೆಯದನ್ನು ಸಾದಾ ಚೆಂಡೆಂದು ಪುಶ್ ಮಾಡಿದರೆ (ಮೆಲ್ಲಗೆ ತಳ್ಳಿದರೆ) ನೆಟ್‌ಗೆ, ಎರಡನೆಯದನ್ನು ಬ್ಯಾಕ್‌ಸ್ಪಿನ್ ಎಂದು ಎತ್ತಿ ಪುಶ್ ಮಾಡಿದರೆ ನಿಮ್ಮ ಫೋರ್‌ಹ್ಯಾಂಡ್‌ಗೆ ಎತ್ತರದ ಉಡುಗೊರೆ. ಅಂಟು ರಬ್ಬರ್ ಇಲ್ಲಿ ಕೊಡುವುದು ಈ ಎರಡರ ನಡುವಿನ ಅಂತರ. ಭಾರದ್ದು ನಿಜವಾಗಿ ಭಾರ ಇದ್ದರೆ ಮಾತ್ರ ಹಗುರದ್ದು ಮೋಸ ಮಾಡುತ್ತದೆ. ಎಲ್ಲ ಸರ್ವ್‌ಗೂ ಅರೆಬರೆ ಸ್ಪಿನ್ ಹಾಕುವವರು ಯಾರನ್ನೂ ಯಾಮಾರಿಸಲಾರರು.

ಕಿವಿಗೂ ಕೆಲಸ ಇದೆ. ಸರಿಯಾಗಿ ಸವರಿದಾಗ ಸದ್ದೇ ಇಲ್ಲದಷ್ಟು ಮೆಲ್ಲಗೆ, ಗುದ್ದಿದಾಗ ಟೊಕ್. ಎರಡಕ್ಕೂ ಒಂದೇ ಸದ್ದು ಬಂದರೆ ಕೈ ಎಲ್ಲೋ ತಪ್ಪುತ್ತಿದೆ. ಇನ್ನೊಂದು ಪರೀಕ್ಷೆ: ಎದುರು ಯಾರೂ ಇಲ್ಲದಾಗ ಚಿಕ್ಕ ಸರ್ವ್ ಮಾಡಿ, ಚೆಂಡನ್ನು ಹಿಡಿಯದೆ ಬಿಡಿ. ಆಚೆ ಅರ್ಧದಲ್ಲಿ ಎರಡು ಬಾರಿ ಪುಟಿದರೆ ಉದ್ದ ಸರಿಯಿದೆ. ಪುಟಿಯುತ್ತಾ ನಿಧಾನವಾಗಿ ನೆಟ್ ಕಡೆಗೆ ಮರಳಿದರೆ ಬ್ಯಾಕ್‌ಸ್ಪಿನ್ ಸಾಕಷ್ಟಿದೆ. ಈ ರಬ್ಬರಿನಲ್ಲಿ ಎರಡನೆಯದು ಕೆಲವೇ ವಾರಗಳ ಅಭ್ಯಾಸಕ್ಕೆ ಬರುತ್ತದೆ. ಆದರೆ ನೋಡಲು ಚೆಂದ ಅಂತ ಆಟದಲ್ಲಿ ಅದನ್ನೇ ಹಾಕುತ್ತಾ ಕೂತರೆ ಚೆಂಡು ಎತ್ತರ ಪುಟಿದು ಫ್ಲಿಕ್ (ಮಣಿಕಟ್ಟಿನ ಚುರುಕು ಹೊಡೆತ) ತಿನ್ನುತ್ತದೆ. ತಗ್ಗಿನಲ್ಲಿ ಹೋಗುವುದೇ ಮುಖ್ಯ. ಚೆಂಡು ಮೇಲಿರುವಾಗಲೇ ಬ್ಯಾಟ್ ತಾಗಿಸುವುದು ಎತ್ತರ ಪುಟಿಯಲು ಸಾಮಾನ್ಯ ಕಾರಣ. ಟೇಬಲ್ ಮಟ್ಟಕ್ಕಿಂತ ತುಸುವೇ ಮೇಲೆ, ಅಂದರೆ ನೆಟ್‌ನ 15.25 ಸೆ.ಮೀ. ಎತ್ತರಕ್ಕಿಂತ ಕೆಳಗೆ ತಾಗಿಸಬೇಕು. ಟೇಬಲ್ ಮಟ್ಟಕ್ಕಿಂತ ಕೆಳಗೆ ಇಳಿದರೆ ನಿಯಮಭಂಗ. ಎಸೆತ ಕನಿಷ್ಠ 16 ಸೆ.ಮೀ., ಅಂದರೆ ನೆಟ್‌ನ ಎತ್ತರಕ್ಕಿಂತ ಒಂದಿಷ್ಟು ಹೆಚ್ಚು, ತೆರೆದ ಅಂಗೈಯಿಂದ, ನೆಟ್ಟಗೆ. ಎಸೆದ ಕೈಯನ್ನು ಕೂಡಲೇ ಸರಿಸಬೇಕು, ಚೆಂಡನ್ನು ಮರೆಮಾಡುವುದು 2002ರಿಂದ ನಿಷಿದ್ಧ. ಊರಿನ ಟೂರ್ನಿಗಳಲ್ಲಿ ಯಾರೂ ಕೇಳುವುದಿಲ್ಲ ನಿಜ, ಜಿಲ್ಲಾ ಮಟ್ಟದಲ್ಲಿ ಅಂಪೈರ್ ಕೇಳುತ್ತಾರೆ.

ಪೆಂಡುಲಮ್‌ನ ಸೈಡ್‌ಸ್ಪಿನ್‌ಗೆ (ಅಡ್ಡಕ್ಕೆ ತಿರುಗುವ ಸ್ಪಿನ್) ಎದುರಿನವರು ಸುಮ್ಮನೆ ಬ್ಯಾಟ್ ಹಿಡಿದರೆ ಚೆಂಡು ಬಲಗೈ ಸರ್ವರ್‌ನ ಎಡಕ್ಕೆ, ಬ್ಯಾಕ್‌ಹ್ಯಾಂಡ್ ಬದಿಗೆ ಬರುತ್ತದೆ. ಬೀಸು ಉಲ್ಟಾ ಆಗುವ ರಿವರ್ಸ್ ಪೆಂಡುಲಮ್‌ನಲ್ಲಿ ಬಲಕ್ಕೆ. ಹಾಗಾಗಿ ಮೂರನೇ ಚೆಂಡನ್ನು, ಅಂದರೆ ಸರ್ವ್‌ಗೆ ಮರಳಿ ಬಂದ ಚೆಂಡನ್ನು, ಫೋರ್‌ಹ್ಯಾಂಡಿನಲ್ಲಿ ಹೊಡೆಯಲು ಆಸೆಯಿದ್ದವರು ರಿವರ್ಸ್ ಕಲಿಯಬೇಕು. ಮೊಣಕೈ ಎತ್ತಿ, ಮಣಿಕಟ್ಟು ಒಳಕ್ಕೆ ಮಡಚಿ ಹೊರಕ್ಕೆ ಬಿಡಿಸುವ ಆ ಚಲನೆಗೆ ಜಾಗ ಕಡಿಮೆ, ಬ್ಯಾಟಿನ ವೇಗವೂ ಕಡಿಮೆ. ಕಡಿಮೆ ವೇಗದಲ್ಲೂ ಹಿಡಿಯುವ ರಬ್ಬರಿನ ಬೆಲೆ ಗೊತ್ತಾಗುವುದು ಇಲ್ಲೇ.

ಉದ್ದದ ವೇಗದ ಸರ್ವ್‌ಗೆ ಮಾತ್ರ ಇದು ಸೋಮಾರಿ. ಮೊದಲ ಪುಟಿತ ನಿಮ್ಮ ಅಂಚಿನಿಂದ ಒಂದು ಗೇಣಿನೊಳಗೆ, ಎರಡನೆಯದು ಆಚೆ ಅಂಚಿನ ಕೊನೆಯ ಗೇಣಿನಲ್ಲಿ ಬೀಳಬೇಕು. 2.74 ಮೀಟರ್ ಟೇಬಲನ್ನು ಪೂರ್ತಿ ಬಳಸುವ ಸರ್ವ್ ಅದು. ಗಟ್ಟಿ ಸ್ಪಾಂಜ್ ತಾನಾಗಿ ತಳ್ಳುವುದಿಲ್ಲ, ಸೊಂಟ ತಿರುಗಿಸಿ ಬಲ ಕೊಡಬೇಕು. ಬ್ಯಾಕ್‌ಹ್ಯಾಂಡ್ ಬದಿಯಲ್ಲಿ ಚಿಮ್ಮುವ ರಬ್ಬರ್ ಇದ್ದರೆ ಇದೊಂದನ್ನು ಆ ಬದಿಯಿಂದಲೇ ಮಾಡುವುದು ಜಾಣತನ.

ಇನ್ನು ಮಳೆಗಾಲ. ಚೆಂಡು ಹಾರುತ್ತದೆಂದು ಫ್ಯಾನ್ ಬಂದ್, ಹೊರಗೆ ಆಟಿಯ ಮಳೆ, ಒಳಗೆ ಬೆವರು. ಹತ್ತೇ ನಿಮಿಷಕ್ಕೆ ರಬ್ಬರಿನ ಮೇಲೆ ಕಣ್ಣಿಗೆ ಕಾಣದ ನೀರಿನ ಪದರ. ನಿನ್ನೆ ನೆಟ್ ದಾಟಿದ ಸರ್ವ್ ಇವತ್ತು ಜಾರಿ ನೇರ ನೆಟ್‌ಗೆ ಹೋದರೆ ಕೈಯನ್ನು ಬೈಯಬೇಡಿ, ಮೊದಲು ರಬ್ಬರ್ ಒರೆಸಿ. ಒಣ ಹತ್ತಿ ಬಟ್ಟೆ ಎರಡು ಬೇಕು, ಒಂದು ಬ್ಯಾಟಿಗೆ, ಒಂದು ಚೆಂಡಿಗೆ. ಅನೇಕರು ಉಸಿರು ಊದಿ ಅಂಗೈಯಲ್ಲಿ ಉಜ್ಜುತ್ತಾರೆ. ಅಂಗೈಯ ಬೆವರಿನ ಜತೆ ತಲೆಗೆ ಹಚ್ಚಿದ ತೆಂಗಿನೆಣ್ಣೆಯೂ ರಬ್ಬರಿಗೆ ಹೋಗುತ್ತದೆ. ನಮ್ಮ ಊರಲ್ಲಿ ರಬ್ಬರಿನ ಅಂಟು ಕೊಲ್ಲುವ ಮೊದಲ ಶತ್ರು ಅದು, ಎರಡನೆಯದು ಮುರಕಲ್ಲಿನ ಕೆಂಪು ಧೂಳು.

ಆಟ ಮುಗಿದ ಮೇಲೆ ಸ್ಪಾಂಜ್ ತುಂಡಿಗೆ ನಾಲ್ಕು ಹನಿ ನೀರು ಹಾಕಿ, ಹಿಡಿಯಿಂದ ತುದಿಗೆ ಒಂದೇ ದಿಕ್ಕಿನಲ್ಲಿ ಒರೆಸಿ. ಸೋಪು, ಸ್ಪಿರಿಟ್ ಬೇಡ. ಪೂರ್ತಿ ಒಣಗದೆ ಪ್ಲಾಸ್ಟಿಕ್ ಹಾಳೆ ಅಂಟಿಸಲೇಬಾರದು. ಜುಲೈಯಲ್ಲಿ ಹಾಗೆ ಮುಚ್ಚಿಟ್ಟ ಶೀಟಿನ ಮೇಲೆ ಒಂದು ವಾರದಲ್ಲಿ ಬಿಳಿ ಬೂಷ್ಟಿನ ಚುಕ್ಕೆ ಬಂದದ್ದಿದೆ. ಬ್ಯಾಟಿನ ಚೀಲದಲ್ಲಿ ಸಿಲಿಕಾ ಜೆಲ್ ಪೊಟ್ಟಣ ಎರಡು ಇರಲಿ. ಮರವೂ ತೇವ ಹೀರುತ್ತದೆ, ಬ್ಯಾಟ್ ಮಂಕಾಗುತ್ತದೆ. ಅಂಟು ಉಳಿದಿದೆಯೇ ಎಂದು ನೋಡಲು ಶುಚಿ ಮಾಡಿದ ರಬ್ಬರಿಗೆ ಚೆಂಡು ಒತ್ತಿ ಬ್ಯಾಟನ್ನು ಮಗುಚಿ. ಹೊಸ ಶೀಟ್ ಚೆಂಡನ್ನು ಸ್ವಲ್ಪ ಹೊತ್ತು ಹಿಡಿದಿಡುತ್ತದೆ, ಹಳತು ಆ ಕ್ಷಣಕ್ಕೇ ಬಿಡುತ್ತದೆ. ಮೊದಲು ಸಾಯುವುದು ತುದಿಯ ಭಾಗ, ಸ್ಪಿನ್ ಸರ್ವ್ ಎಲ್ಲ ತಾಗುವುದು ಅಲ್ಲೇ ತಾನೆ. ಅಲ್ಲಿ ಹೊಳಪು ಕಂಡರೆ ಶೀಟ್ ಮುಗಿಯಿತು. ಇಲ್ಲಿಯ ಬಳಕೆಗೆ ಒಂದೊಂದು ಶೀಟ್ ಏಳೆಂಟು ತಿಂಗಳು ಬಂತು.

ಹೊಸ ಪ್ಲಾಸ್ಟಿಕ್ ಚೆಂಡಿನ ಮೇಲಿನ ಪುಡಿಯೂ ಜಾರಿಸುತ್ತದೆ. ಒದ್ದೆ ಬಟ್ಟೆಯಲ್ಲಿ ಒರೆಸಿ ಒಣಗಿಸಿಯೇ ಬಳಸಿ. ಸರ್ವ್ ಅಭ್ಯಾಸಕ್ಕೆ 30 ಚೆಂಡಾದರೂ ಬೇಕು. ನಾಲ್ಕೇ ಚೆಂಡಿದ್ದರೆ ಅರ್ಧ ಸಮಯ ಬೆಂಚಿನಡಿ ಹುಡುಕುವುದಕ್ಕೇ.

ಕಿರಿಕಿರಿಗಳೂ ಇವೆ. ಅಂಟು ರಬ್ಬರ್ ಎದುರಿನವರ ಸ್ಪಿನ್ನನ್ನೂ ಅಷ್ಟೇ ಹಿಡಿಯುತ್ತದೆ, ಫೋರ್‌ಹ್ಯಾಂಡ್ ರಿಸೀವ್‌ನಲ್ಲಿ ಕೋನ ತಪ್ಪಿದರೆ ಕ್ಷಮೆ ಇಲ್ಲ. ಅರ್ಧ ಬೀಸಿನಲ್ಲಿ ಹೊಡೆಯುವವರಿಗೆ ಇದು ಸತ್ತ ಹಲಗೆ. ಆಟ ಶುರುಮಾಡಿ ವರ್ಷ ಆಗದವರಿಗೆ ಬೇಡ. ಕಾರ್ಖಾನೆಯಲ್ಲೇ ಹದಗೊಳಿಸಿದ ಸ್ಪಾಂಜ್ ಆದ್ದರಿಂದ ಶೀಟ್ ತುಸು ಬಾಗಿಕೊಂಡಿರುತ್ತದೆ. ನೀರಿನ ಗ್ಲೂ ಹಚ್ಚಿ, ಬಿಳಿ ಬಣ್ಣ ಹೋಗಿ ಪೂರ್ತಿ ಪಾರದರ್ಶಕವಾಗುವವರೆಗೆ ಕಾಯಬೇಕು: ಜನವರಿಯಲ್ಲಿ ಕಾಲು ಗಂಟೆ, ಜುಲೈಯಲ್ಲಿ ಮುಕ್ಕಾಲು ಗಂಟೆಯೂ ಸಾಲದು. ಅವಸರಕ್ಕೆ ಒತ್ತಿದರೆ ಅಂಚು ಏಳುತ್ತದೆ.

ಶೀಟ್ ಬದಲಿಸುವುದಿದ್ದರೆ ಅಕ್ಟೋಬರ್ ಕೊನೆಯಲ್ಲಿ ಬದಲಿಸಿ. ಹಾಗೆ ಮಾಡಿದರೆ ಹೊಸ ಅಂಟು ಒಣಹವೆಯ ತಿಂಗಳುಗಳಿಗೆ ಸಿಗುತ್ತದೆ, ಮಳೆಗಾಲಕ್ಕೆ ಸವೆದ ಶೀಟ್ ಸಾಕು.