ಕಾಸರಗೋಡಿನ ಪ್ರಾಜೆಕ್ಟ್ ಅಂಗಡಿ: ಬೈಂಡಿಂಗಿಗೆ ಕೊಡಿ, ಡೇಟಾ ಮಾತ್ರ ಕೊಡಬೇಡಿ

ಕಾಸರಗೋಡು ಹಳೇ ಬಸ್ ಸ್ಟ್ಯಾಂಡಿನಿಂದ ಸ್ವಲ್ಪ ನಡೆದರೆ ಒಂದು ಝೆರಾಕ್ಸ್ ಅಂಗಡಿ ಉಂಟು. ಬೋರ್ಡಿನಲ್ಲಿ ಝೆರಾಕ್ಸ್, ಡಿಟಿಪಿ, ಲ್ಯಾಮಿನೇಶನ್, ಪಿಎಸ್‌ಸಿ ಅರ್ಜಿ ಅಂತೆಲ್ಲ ಬರೆದಿದೆ. ಆದರೆ ಅಲ್ಲಿ ಜಾಸ್ತಿ ನಡೆಯುವುದು ಬೋರ್ಡಿನಲ್ಲಿ ಇಲ್ಲದ ಕೆಲಸ: ಪ್ರಾಜೆಕ್ಟ್ ರಿಪೋರ್ಟು, ಡಿಸರ್ಟೇಶನ್ನು. ಅದರಲ್ಲೂ ಸೈಕಾಲಜಿಯವರದ್ದು. ಮಂಗಳೂರಿನಲ್ಲಿ ಎಂ.ಎಸ್ಸಿ. ಓದುತ್ತಾ ಡೇಟಾಕ್ಕೆ ಊರಿಗೆ ಬರುವವರು, ಶಾಲೆಯಲ್ಲಿ ಪಾಠ ಮಾಡುತ್ತಲೇ ಇಗ್ನೋದಲ್ಲಿ ಎಂ.ಎ. ಮಾಡುವ ಟೀಚರುಗಳು, ಎಲ್ಲರೂ ಕೊನೆಗೆ ಬಂದು ನಿಲ್ಲುವುದು ಈ ಕೌಂಟರಿನ ಎದುರು. ಅಂಗಡಿಯ ಹೆಸರು ಬರೆಯುವುದಿಲ್ಲ. ಹೊಗಳಿಕೆ ಮಾತ್ರ ಇದ್ದಿದ್ದರೆ ಬರೆಯುತ್ತಿದ್ದೆ. ಊರಿನವರಿಗೆ ಹೆಸರು ಬೇಕಾಗಿಯೂ ಇಲ್ಲ ಬಿಡಿ.

ಮೊದಲು ಒಳ್ಳೆಯದು ಹೇಳಿಬಿಡುತ್ತೇನೆ, ಅದೇ ಜಾಸ್ತಿ ಇರುವುದು.

ಡಿಟಿಪಿಗೆ ಕೂರುವ ಅಕ್ಕ ಒಬ್ಬರಿದ್ದಾರೆ. ಕನ್ನಡ, ಮಲಯಾಳ, ಇಂಗ್ಲಿಷ್ ಮೂರನ್ನೂ ಒಂದೇ ವೇಗದಲ್ಲಿ ಟೈಪ್ ಮಾಡುತ್ತಾರೆ. ನಮ್ಮ ಜಿಲ್ಲೆಯಲ್ಲಿ ಯಾವ ಶಾಲೆಗೆ ಪ್ರಶ್ನಾವಳಿ ತೆಗೆದುಕೊಂಡು ಹೋದರೂ ಎರಡು ಭಾಷೆಯಲ್ಲಿ ಬೇಕೇ ಬೇಕು. ಒಂದೇ ಶಾಲೆಯಲ್ಲಿ ಕನ್ನಡ ಡಿವಿಜನ್ ಒಂದು, ಮಲಯಾಳ ಡಿವಿಜನ್ ಒಂದು ಇರುತ್ತದೆ. ಹಳೇ ಕಡತ ನುಡಿ ಫಾಂಟಿನಲ್ಲಿದ್ದರೆ ಅದನ್ನು ಯೂನಿಕೋಡಿಗೆ ತರುವಾಗ ಒತ್ತಕ್ಷರಗಳೆಲ್ಲ ಚೆಲ್ಲಾಪಿಲ್ಲಿ ಆಗುವುದು ಎಲ್ಲರಿಗೂ ಗೊತ್ತು. ಈ ಅಕ್ಕ ಅದನ್ನು ಸಾಲು ಸಾಲಾಗಿ ಕೂತು ಸರಿ ಮಾಡುತ್ತಾರೆ, ನೀವು ಹೇಳಬೇಕಂತಲೇ ಇಲ್ಲ. ಒಮ್ಮೆ ನಾನು ಕಾಯುತ್ತಿದ್ದಾಗ ಅವರು ಒಬ್ಬ ಹುಡುಗನನ್ನು ಕರೆದು, “ನಿಮ್ಮ ಕನ್ನಡದ ಫಾರ್ಮಿನಲ್ಲಿ ಉತ್ತರಕ್ಕೆ ನಾಲ್ಕೇ ಕಾಲಂ ಉಂಟಲ್ಲ, ಮಲಯಾಳದ್ದರಲ್ಲಿ ಐದು ಉಂಟು, ಯಾವುದು ಸರಿ?” ಅಂತ ಕೇಳಿದರು. ಹುಡುಗನ ಮುಖ ನೋಡಬೇಕಿತ್ತು. ಅವನ ಗೈಡ್ ಆ ಫಾರ್ಮಿಗೆ ಸಹಿ ಹಾಕಿ ಆಗಿತ್ತು! ಒಂದು ಗುಂಪು ನಾಲ್ಕರಲ್ಲಿ ಉತ್ತರಿಸಿ ಇನ್ನೊಂದು ಐದರಲ್ಲಿ ಉತ್ತರಿಸಿದರೆ ಆಮೇಲೆ ಎರಡನ್ನೂ ಹೋಲಿಸುವುದು ಹೇಗೆ? ಇಡೀ ಸ್ಟಡಿ ಅಲ್ಲಿಗೇ ಮುಗಿದ ಹಾಗೆ.

ನನ್ನದು ಕಾಗ್ನಿಟಿವ್ ಸೈಕಾಲಜಿಯ ವಿಷಯ, ಸ್ಟ್ರೂಪ್ ಟೆಸ್ಟ್. ಜಾನ್ ರಿಡ್ಲಿ ಸ್ಟ್ರೂಪ್ 1935ರಲ್ಲಿ ಪ್ರಕಟಿಸಿದ್ದು. ‘ಕೆಂಪು’ ಎಂಬ ಪದವನ್ನು ಹಸಿರು ಶಾಯಿಯಲ್ಲಿ ಬರೆದು ತೋರಿಸಿ, ಓದಬೇಡ, ಶಾಯಿಯ ಬಣ್ಣ ಯಾವುದು ಹೇಳು ಅನ್ನಬೇಕು. ನಾಲಿಗೆ ತಡವರಿಸುತ್ತದೆ, ಯಾಕೆಂದರೆ ಓದು ಬಂದವರಿಗೆ ಅಕ್ಷರ ಕಂಡರೆ ಓದದೆ ಇರಲು ಆಗುವುದಿಲ್ಲ. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಬಸ್ಸಿನ ಬೋರ್ಡು ಮಲಯಾಳ ಅನ್ನುವ ನಮ್ಮ ಮಕ್ಕಳಿಗೆ ಯಾವ ಲಿಪಿ ಜಾಸ್ತಿ ಅಡ್ಡ ಬರುತ್ತದೆ ಅಂತ ನೋಡುವುದು ನನ್ನ ಕೆಲಸ. ಸಾಮಾನ್ಯವಾಗಿ ಯಾವ ಭಾಷೆಯನ್ನು ಸಲೀಸಾಗಿ ಓದುತ್ತಾರೋ ಅದೇ ಜಾಸ್ತಿ ಕಾಡುತ್ತದೆ. ಕಂಪ್ಯೂಟರಿನಲ್ಲಿ ಮಾಡಲು ಸೈಕೋಪೈ ಎಂಬ ಉಚಿತ ಸಾಫ್ಟ್‌ವೇರ್ ಉಂಟು, ನಾಟಿಂಗ್‌ಹ್ಯಾಮಿನ ಜೊನಾಥನ್ ಪಿಯರ್ಸ್ ಶುರು ಮಾಡಿದ್ದು. ಆದರೆ ಮಳೆಗಾಲದಲ್ಲಿ ಕರೆಂಟ್ ನಂಬಿಕೊಂಡು ಶಾಲೆಗೆ ಲ್ಯಾಪ್‌ಟಾಪ್ ಹೊತ್ತುಕೊಂಡು ಹೋಗುವ ಧೈರ್ಯ ನನಗಿರಲಿಲ್ಲ, ಹಾಗಾಗಿ ಕಾರ್ಡು.

ಆ ಕಾರ್ಡುಗಳಲ್ಲಿ ಬಣ್ಣವೇ ಎಲ್ಲ. ಮೊದಲ ಪ್ರಿಂಟಿನಲ್ಲಿ ಕೆಂಪು ಸ್ವಲ್ಪ ಕಿತ್ತಳೆ ಕಡೆಗೆ ವಾಲಿತ್ತು, ಮೇಲೆ ಲ್ಯಾಮಿನೇಶನ್ ಹಾಕಿದ್ದರಿಂದ ಕಿಟಕಿಯ ಬೆಳಕು ಬಿದ್ದರೆ ಮಿರಮಿರ ಹೊಳೆಯುತ್ತಿತ್ತು. ಮಗು ಒಂದು ಕ್ಷಣ ‘ಇದು ಕೆಂಪಾ, ಕೇಸರಿಯಾ’ ಅಂತ ಯೋಚಿಸಿದರೆ ಆ ಸಮಯವೂ ಸ್ಟಾಪ್‌ವಾಚಿನಲ್ಲಿ ಸೇರುತ್ತದೆ, ನಾನು ಅಳೆಯಬೇಕಾದದ್ದು ಅದಲ್ಲ. ಹೇಳಿದ ಕೂಡಲೇ ಅಂಗಡಿಯ ಯಜಮಾನರು ಹೊಳಪಿಲ್ಲದ ದಪ್ಪ ಕಾಗದ ತೆಗೆದು, ಎರಡು ಮೂರು ಕೆಂಪು ಪ್ರಿಂಟ್ ಹಾಕಿ, ಅಂಗಡಿಯ ಹೊರಗೆ ಬಿಸಿಲಿಗೆ ತಂದು ತೋರಿಸಿ, “ಇದು ಸಾಕಲ್ವಾ ಟೀಚರೇ?” ಅಂದರು. ಹೆಚ್ಚಿಗೆ ದುಡ್ಡು ತೆಗೆದುಕೊಳ್ಳಲಿಲ್ಲ. (ನಾನು ಟೀಚರಲ್ಲ. ಕೈಯಲ್ಲಿ ಫೈಲ್ ಹಿಡಿದ ಹೆಂಗಸರೆಲ್ಲ ಅವರಿಗೆ ಟೀಚರೇ.)

ಬೈಂಡಿಂಗ್ ಬಗ್ಗೆ ಏನೂ ಹೇಳುವುದಕ್ಕಿಲ್ಲ. ರೆಕ್ಸಿನ್ ಗಟ್ಟಿ, ಬೆನ್ನಿನ ಚಿನ್ನದ ಅಕ್ಷರ ನೆಟ್ಟಗೆ, ಪುಟ ಉದುರುವುದಿಲ್ಲ. ರೇಟು ಮಂಗಳೂರಿಗಿಂತ ಕಡಿಮೆ.

ಈಗ ಆ ಅಂಗಡಿಯ ಮಹಡಿ ಮೇಲಿನ ಕೋಣೆಗೆ ಬರೋಣ. ಅಲ್ಲಿ ‘ಅನಾಲಿಸಿಸ್’ ಮಾಡಿಕೊಡುತ್ತಾರೆ. ನೀವು ತುಂಬಿದ ಫಾರ್ಮುಗಳ ಕಟ್ಟು ಕೊಟ್ಟರೆ ಸಾಕು, ಡೇಟಾ ಎಂಟ್ರಿ, ಎಸ್‌ಪಿಎಸ್‌ಎಸ್ ಎಂಬ ಅಂಕಿಅಂಶದ ಸಾಫ್ಟ್‌ವೇರಿನಲ್ಲಿ ಲೆಕ್ಕ, ಟೇಬಲ್, ಕೆಳಗೆ ನಾಲ್ಕು ಸಾಲು ವಿವರಣೆ, ಎಲ್ಲ ಸಿದ್ಧ. ಇದರ ರೇಟು ಮಾತ್ರ ಬೈಂಡಿಂಗಿನ ಹಾಗೆ ಅಗ್ಗ ಅಲ್ಲ. ನನ್ನ ಜೊತೆ ಓದಿದ ಒಬ್ಬಳು ಅಲ್ಲಿಗೆ ಕೊಟ್ಟಿದ್ದಳು. ಅವಳದ್ದು ಕನ್ನಡ ಮೀಡಿಯಂ ಮತ್ತು ಇಂಗ್ಲಿಷ್ ಮೀಡಿಯಂ ಮಕ್ಕಳ ಆತ್ಮಗೌರವದ ಸ್ಟಡಿ, ಬಳಸಿದ್ದು ರೋಸೆನ್‌ಬರ್ಗ್ ಸ್ಕೇಲು. 1965ರ ಸ್ಕೇಲದು, ಹತ್ತೇ ವಾಕ್ಯ, ಈಗಲೂ ಎಲ್ಲರೂ ಬಳಸುತ್ತಾರೆ. ಹತ್ತರಲ್ಲಿ ಐದು ವಾಕ್ಯ ನೇರ, ಐದು ತಿರುಗುಮುರುಗು. ‘ನನ್ನಲ್ಲಿ ಒಳ್ಳೆಯ ಗುಣಗಳಿವೆ’ ಅನ್ನುವಂಥದ್ದಕ್ಕೆ ‘ಪೂರ್ತಿ ಒಪ್ಪುತ್ತೇನೆ’ ಅಂದರೆ ಹೆಚ್ಚು ಅಂಕ. ‘ನಾನು ಯಾತಕ್ಕೂ ಪ್ರಯೋಜನವಿಲ್ಲ’ ಅನ್ನುವಂಥದ್ದಕ್ಕೆ ಒಪ್ಪಿದರೆ ಕಡಿಮೆ ಅಂಕ ಕೊಡಬೇಕು. ಮಹಡಿಯವರು ಹತ್ತನ್ನೂ ಒಂದೇ ಕಡೆಗೆ ಕೂಡಿಸಿಬಿಟ್ಟಿದ್ದರು. ಅಂದರೆ ತನ್ನ ಮೇಲೆ ಒಳ್ಳೆ ಭಾವನೆ ಇರುವ ಮಗು ಮತ್ತು ಏನೂ ಇಲ್ಲ ಅಂದುಕೊಂಡ ಮಗು, ಇಬ್ಬರಿಗೂ ಹೆಚ್ಚು ಕಡಿಮೆ ಒಂದೇ ಮೊತ್ತ! ಅದರ ಮೇಲೆ ಎರಡು ಗುಂಪುಗಳ ಸರಾಸರಿ ಹೋಲಿಸುವ ಟಿ-ಟೆಸ್ಟ್ ಹಾಕಿ, ‘ಎರಡು ಗುಂಪುಗಳ ನಡುವೆ ವ್ಯತ್ಯಾಸವಿಲ್ಲ’ ಅಂತ ದಪ್ಪಕ್ಷರದಲ್ಲಿ ಬರೆದು ಕೊಟ್ಟಿದ್ದರು.

ಅವಳು ರಿಪೋರ್ಟು ತೋರಿಸಿದಾಗ ಕ್ರೋನ್‌ಬಾಕ್ ಆಲ್ಫಾ ನೋಡಿಯೇ ಏನೋ ಎಡವಟ್ಟು ಅನ್ನಿಸಿತು. ಪ್ರಶ್ನೆಗಳೆಲ್ಲ ಒಂದೇ ವಿಷಯವನ್ನು ಅಳೆಯುತ್ತಿವೆಯಾ ಅಂತ ಹೇಳುವ ಅಂಕಿ ಅದು, 0.7 ದಾಟಿದರೆ ಪರವಾಗಿಲ್ಲ ಅನ್ನುತ್ತಾರೆ. ಇವಳದ್ದು ಅದರ ಹತ್ತಿರಕ್ಕೂ ಬಂದಿರಲಿಲ್ಲ. ನನ್ನ ಲ್ಯಾಪ್‌ಟಾಪಿನಲ್ಲಿ ಜಮೋವಿ ಎಂಬ ಅಂಕಿಅಂಶದ ಉಚಿತ ಸಾಫ್ಟ್‌ವೇರ್ ಇತ್ತು, ಅದಕ್ಕೆ ಹಾಕಿದೆವು. ಅದು ಟೇಬಲ್ ಕೆಳಗೆ ತಾನಾಗಿಯೇ ಒಂದು ಟಿಪ್ಪಣಿ ಕೊಡುತ್ತದೆ: ಇಂತಿಂಥ ಪ್ರಶ್ನೆಗಳು ಒಟ್ಟು ಅಂಕಕ್ಕೆ ಉಲ್ಟಾ ಹೋಗುತ್ತಿವೆ, ತಿರುಗಿಸಬೇಕೇನೋ ನೋಡಿ ಅಂತ. ಐದನ್ನು ಎಳೆದು ‘ರಿವರ್ಸ್’ ಡಬ್ಬಿಗೆ ಹಾಕಿದೆವು. ಆಲ್ಫಾ ಸರಿಯಾಯಿತು. ಒಂದು ಎಚ್ಚರಿಕೆ: ಆ ಡಬ್ಬಿಗೆ ಹಾಕಿದರೆ ಆಲ್ಫಾದ ಲೆಕ್ಕಕ್ಕೆ ಮಾತ್ರ ತಿರುಗುತ್ತದೆ, ನಿಮ್ಮ ಮೂಲ ಕಾಲಂ ಹಾಗೇ ಇರುತ್ತದೆ. ಒಟ್ಟು ಅಂಕ ತೆಗೆಯುವ ಮೊದಲು ಬೇರೆಯಾಗಿ ತಿರುಗಿಸಿಕೊಳ್ಳಬೇಕು.

ದುಡ್ಡು ಕೊಟ್ಟು ಮಾಡಿಸಿದ ಕೆಲಸಕ್ಕೆ ಉಚಿತ ಸಾಫ್ಟ್‌ವೇರ್ ತಪ್ಪು ಹಿಡಿಯಿತು. ಜಮೋವಿ ಮಾತ್ರ ಅಲ್ಲ, ಆಮ್‌ಸ್ಟರ್‌ಡ್ಯಾಮ್ ವಿಶ್ವವಿದ್ಯಾಲಯದವರ ಜಾಸ್ಪ್ ಕೂಡ ಉಚಿತ. ಎಸ್‌ಪಿಎಸ್‌ಎಸ್ 1968ರಿಂದ ಇದೆ, 2009ರಲ್ಲಿ ಐಬಿಎಂ ಕೊಂಡುಕೊಂಡಿತು, ಲೈಸೆನ್ಸಿಗೆ ದುಡ್ಡು ಬೇಕು. ನಮ್ಮ ಮಟ್ಟದ ಟಿ-ಟೆಸ್ಟ್, ಅನೋವಾ, ಕೋರಿಲೇಶನ್ನಿಗೆ ಅದು ಇಲ್ಲದೆ ಏನೂ ನಿಲ್ಲುವುದಿಲ್ಲ ಮಾರಾಯ್ರೆ.

ಮಹಡಿಯ ಕೆಲಸದ ಇನ್ನೊಂದು ಗುರುತು ‘ಪಿ = .000’. ನಿಜದಲ್ಲಿ ವ್ಯತ್ಯಾಸವೇ ಇಲ್ಲದಿದ್ದರೂ ಇಷ್ಟು ವ್ಯತ್ಯಾಸ ಆಕಸ್ಮಿಕವಾಗಿ ಕಾಣುವ ಸಂಭವನೀಯತೆಯೇ ಈ ಪಿ. ಹಳೇ ವರ್ಷನ್ ಎಸ್‌ಪಿಎಸ್‌ಎಸ್ ಅಂಕಿಯನ್ನು ದಶಮಾಂಶದ ಮೂರು ಸ್ಥಾನಕ್ಕೆ ಇಳಿಸಿ ಹಾಗೆ ತೋರಿಸುತ್ತದೆ. ಸಂಭವನೀಯತೆ ಸೊನ್ನೆ ಆಗಲು ಸಾಧ್ಯವಿಲ್ಲ, ಎಪಿಎ (ಅಮೆರಿಕನ್ ಸೈಕಲಾಜಿಕಲ್ ಅಸೋಸಿಯೇಶನ್ನಿನ ಬರವಣಿಗೆಯ ನಿಯಮ) ಪ್ರಕಾರ ‘ಪಿ < .001’ ಅಂತ ಬರೆಯಬೇಕು. ವೈವಾದಲ್ಲಿ, ಅಂದರೆ ಮೌಖಿಕ ಪರೀಕ್ಷೆಯಲ್ಲಿ, ಮೊದಲು ಬೆರಳಿಡುವುದೇ ಅಲ್ಲಿ. ಟೇಬಲ್ಲಿಗೆ ಎಪಿಎಯಲ್ಲಿ ನಿಂತ ಗೆರೆ ಇರಬಾರದು, ಇವರು ನಾಲ್ಕೂ ಕಡೆ ಗೆರೆ ಹಾಕಿ ತಲೆಗೆ ನೀಲಿ ಬಣ್ಣ ಬಳಿದು ಕೊಡುತ್ತಾರೆ. ಚಂದ ಕಾಣುತ್ತದೆ, ಪಂಚಾಯತಿನ ಬಜೆಟ್ ಪುಸ್ತಕದ ಹಾಗೆ.

ಇದೆಲ್ಲ ತಿದ್ದಬಹುದಾದ ತಪ್ಪು. ನನಗೆ ನಿಜವಾಗಿ ಹೆದರಿಕೆ ಹುಟ್ಟಿಸಿದ್ದು ಅಲ್ಲಿನ ಹುಡುಗ ಕೇಳಿದ ಪ್ರಶ್ನೆ. “ಅಕ್ಕ, ಸಿಗ್ನಿಫಿಕೆಂಟ್ ಬರಬೇಕಾ, ಬೇಡ್ವಾ?” ಅಂತ ನನ್ನ ಆ ಗೆಳತಿಯನ್ನೇ ಕೇಳಿದ್ದಾನೆ (ಸಿಗ್ನಿಫಿಕೆಂಟ್ ಅಂದರೆ ಬರೀ ಆಕಸ್ಮಿಕ ಅನ್ನಲಾಗದಷ್ಟು ವ್ಯತ್ಯಾಸ), ಚಹಾಕ್ಕೆ ಸಕ್ಕರೆ ಬೇಕಾ ಅಂತ ಕೇಳಿದಷ್ಟು ಸಲೀಸಾಗಿ. ಬೇಕು ಅಂದರೆ ಒಂದಿಷ್ಟು ಮಕ್ಕಳ ಸಾಲು ಹಾರಿಸಿದರೆ ಆಯಿತು ಅಂತ ಉಪಾಯವನ್ನೂ ಹೇಳಿದ್ದಾನೆ. ಪಾಪ, ಅವನಿಗೆ ಅದು ಸೇವೆ. ಕೇಳುವವರು ಇರುವುದರಿಂದಲೇ ಅವನು ಕಲಿತದ್ದು. ಇದು ನಮ್ಮೂರಿನ ಮಹಡಿಯ ರೋಗ ಮಾತ್ರ ಅಂದುಕೊಳ್ಳಬೇಡಿ. 2015ರಲ್ಲಿ ದೊಡ್ಡ ಗುಂಪೊಂದು ಸೈಕಾಲಜಿಯ ಹೆಸರಾಂತ ಪತ್ರಿಕೆಗಳಲ್ಲಿ ಬಂದ 100 ಅಧ್ಯಯನಗಳನ್ನು ಮತ್ತೆ ಮಾಡಿ ನೋಡಿತು. ಮೂಲದಲ್ಲಿ 97 ಶೇಕಡಾ ಸಿಗ್ನಿಫಿಕೆಂಟ್ ಇದ್ದದ್ದು, ಎರಡನೇ ಸಲ 36 ಶೇಕಡಾಕ್ಕೆ ಇಳಿಯಿತು. ವ್ಯತ್ಯಾಸ ಬರದೆ ಇರುವುದೂ ಒಂದು ಫಲಿತಾಂಶವೇ. ಎಂ.ಎಸ್ಸಿ. ಡಿಸರ್ಟೇಶನ್ನಿಗೆ ಅದಕ್ಕಾಗಿ ಯಾರೂ ಅಂಕ ಕಡಿಮೆ ಮಾಡಬಾರದು. ಮಾಡುವ ಗೈಡುಗಳು ಇದ್ದಾರೆ ಅನ್ನುವುದು ಬೇರೆ ಮಾತು.

ಎರಡನೆಯದು ಇದಕ್ಕಿಂತ ಗಂಭೀರ. ಡೇಟಾ ಎಂಟ್ರಿ ನಡೆಯುವುದು ಹೇಗೆ ಗೊತ್ತಾ? ಒಬ್ಬ ಫಾರ್ಮ್ ಹಿಡಿದು ಗಟ್ಟಿಯಾಗಿ ಓದುತ್ತಾನೆ, ಇನ್ನೊಬ್ಬ ಕುಟ್ಟುತ್ತಾನೆ. ಹೆಸರು, ಕ್ಲಾಸು, ಆಮೇಲೆ “ಎರಡು, ಸೊನ್ನೆ, ಮೂರು, ಒಂದು...” ಮೆಟ್ಟಿಲಲ್ಲಿ ನಿಂತವರಿಗೂ ಕೇಳಿಸುತ್ತದೆ. ನಾನು ನಿಂತಿದ್ದಾಗ ಓದುತ್ತಿದ್ದದ್ದು ಯಾರದೋ ಕ್ಲಿನಿಕಲ್ ಸ್ಟಡಿಯ ಪಿಎಚ್‌ಕ್ಯು-9 ಫಾರ್ಮು. ಖಿನ್ನತೆ ಅಳೆಯುವ ಒಂಬತ್ತು ಪ್ರಶ್ನೆ, ಒಂದೊಂದಕ್ಕೆ 0ರಿಂದ 3, ಒಟ್ಟು 27. ಒಂಬತ್ತನೆಯ ಪ್ರಶ್ನೆ ಸತ್ತರೇ ಒಳ್ಳೆಯದು ಅನ್ನಿಸುತ್ತದೆಯಾ, ತನಗೆ ತಾನೇ ಹಾನಿ ಮಾಡಿಕೊಳ್ಳುವ ಯೋಚನೆ ಬರುತ್ತದೆಯಾ ಅನ್ನುವುದು. ಆ ಜಾಗದಲ್ಲಿ ಹುಡುಗ “ಎರಡು” ಅಂದ. ಕೆಳಗೆ ಯಾರೋ, “ಅದು ಬದಿಯಡ್ಕದ ಇಂಥವರ ಮಗಳಲ್ವಾ?” ಅಂದರು. ನಮ್ಮದು ಅಷ್ಟು ಚಿಕ್ಕ ಊರು. ಒಂಬತ್ತನೆಯದಕ್ಕೆ ಸೊನ್ನೆ ಬಿಟ್ಟು ಬೇರೆ ಯಾವ ಅಂಕಿ ಬಂದರೂ ಅಧ್ಯಯನ ಮಾಡುವವರು ಅದೇ ದಿನ ನೋಡಿ, ಆ ವ್ಯಕ್ತಿಯ ಹತ್ತಿರ ಮಾತಾಡಬೇಕು, ಸಹಾಯಕ್ಕೆ ಕಳಿಸಬೇಕು, ಕಡಿಮೆ ಪಕ್ಷ ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ 14416 ನಂಬರ್ ಆದರೂ ಕೊಡಬೇಕು. ಇಲ್ಲಿ ಆ ಕಟ್ಟನ್ನು ಕಟ್ಟಿದವರು ಬಿಚ್ಚದೆಯೇ ಅಂಗಡಿಗೆ ತಂದು ಹಾಕಿದ್ದರು. ಹಾಗಾಗಿ ಬೈಗುಳದಲ್ಲಿ ಅರ್ಧ ಅಂಗಡಿಗಾದರೆ ಅರ್ಧ ನಮ್ಮಂಥ ವಿದ್ಯಾರ್ಥಿಗಳಿಗೆ. ಅಂಗಡಿಯ ಹುಡುಗನಿಗೆ ಗೋಪ್ಯತೆಯ ಪಾಠ ಯಾರೂ ಮಾಡಿಲ್ಲ. ನಮಗೆ ಅದರ ಮೇಲೆ ಒಂದು ಪೇಪರೇ ಇತ್ತು.

ಫಾರ್ಮಿನ ಮೇಲೆ ಹೆಸರು ಬರೆಸಲೇಬೇಡಿ. ಕೋಡ್ ನಂಬರ್ ಹಾಕಿ, ಯಾವ ಕೋಡ್ ಯಾರದ್ದು ಅನ್ನುವ ಪಟ್ಟಿ ಮನೆಯಲ್ಲಿ ಬೀಗದೊಳಗೆ ಇರಲಿ, ಒಪ್ಪಿಗೆ ಪತ್ರದ ಕಟ್ಟು ಬೇರೆಯೇ ಇರಲಿ. ಎಂಟ್ರಿ ನೀವೇ ಮಾಡಿ. ನೂರೈವತ್ತು ಫಾರ್ಮ್ ಒಂದು ವಾರಾಂತ್ಯದ ಕೆಲಸ, ತಂಗಿಗೆ ಐಸ್‌ಕ್ರೀಮ್ ಕೊಡಿಸುತ್ತೇನೆ ಅಂತ ಹೇಳಿ ಕೂರಿಸಿಕೊಂಡರೆ ಇನ್ನೂ ಬೇಗ. ಕೋಡ್ ಮಾತ್ರ ಇದ್ದರೆ ಅವಳಿಗೂ ಯಾರದ್ದು ಅಂತ ಗೊತ್ತಾಗುವುದಿಲ್ಲ.

ಕೌಂಟರಿನ ಕೆಳಗೆ ಒಂದು ‘ಸ್ಟಾಕ್’ ಕೂಡ ಉಂಟು, ಹಿಂದಿನ ವರ್ಷದವರು ಬಿಟ್ಟುಹೋದ ಪ್ರಶ್ನಾವಳಿಗಳು. ಕೇಳಿದರೆ ಝೆರಾಕ್ಸ್ ಮಾಡಿ ಕೊಡುತ್ತಾರೆ. ತೆಗೆದುಕೊಳ್ಳುವ ಮೊದಲು ಯೋಚಿಸಿ. ಪಿಎಚ್‌ಕ್ಯು-9ಕ್ಕೆ ಯಾರ ಅನುಮತಿಯೂ ಬೇಡ, ಕನ್ನಡದಲ್ಲೂ ಮಲಯಾಳದಲ್ಲೂ ಸಿಗುತ್ತದೆ. ಆದರೆ ಬೆಕ್ ಡಿಪ್ರೆಶನ್ ಇನ್ವೆಂಟರಿಯೋ, ಬ್ಯಾಂಕಿನವರ ಮೇಲೆ ಸ್ಟಡಿ ಮಾಡುವ ಇಂಡಸ್ಟ್ರಿಯಲ್ ಸೈಕಾಲಜಿಯವರು ಕೇಳುವ, ಕೆಲಸದ ಬಳಲಿಕೆ ಅಳೆಯುವ ಮಾಸ್ಲಾಕ್ ಬರ್ನ್‌ಔಟ್ ಇನ್ವೆಂಟರಿಯೋ ಹಾಗಲ್ಲ, ಅವಕ್ಕೆ ದುಡ್ಡು ಕಟ್ಟಿ ಲೈಸೆನ್ಸ್ ತೆಗೆದುಕೊಳ್ಳಬೇಕು. ‘ರಿವ್ಯೂ ಆಫ್ ಲಿಟರೇಚರ್’, ಅಂದರೆ ಹಿಂದಿನ ಅಧ್ಯಯನಗಳನ್ನು ವಿವರಿಸುವ ಅಧ್ಯಾಯ, ಕೂಡ ಅದೇ ಸ್ಟಾಕಿನಿಂದ ಸಿಗುತ್ತದೆ ಅಂತ ಕೇಳಿದ್ದೇನೆ. ಯುಜಿಸಿಯ 2018ರ ನಿಯಮದಲ್ಲಿ 10 ಶೇಕಡಾಕ್ಕಿಂತ ಜಾಸ್ತಿ ನಕಲು ಸಿಕ್ಕಿದರೆ ದಂಡನೆ ಶುರು, 60 ದಾಟಿದರೆ ನೋಂದಣಿಯೇ ರದ್ದು. ಚಿನ್ನದ ಅಕ್ಷರದ ಬೈಂಡಿಂಗ್ ಆಗ ಉಪಯೋಗಕ್ಕೆ ಬರುವುದಿಲ್ಲ.

ನಕ್ಷತ್ರ ಕೊಡುವುದಾದರೆ ಕೆಳಗಿನ ಅಂಗಡಿಗೆ ಐದಕ್ಕೆ ಐದು. ಮಹಡಿಗೆ ಒಂದು, ಅದೂ ಸುಮ್ನೆ, ಅಲ್ಲಿ ಫ್ಯಾನ್ ಚೆನ್ನಾಗಿ ತಿರುಗುತ್ತದೆ ಅಂತ.

ಹೋಗುವವರಿಗೆ: ಮಾರ್ಚ್ ಕೊನೆಯಲ್ಲಿ ಹೋದರೆ ಟ್ಯಾಕ್ಸ್‌ನವರು, ಪರೀಕ್ಷೆಯವರು ಎಲ್ಲ ಸೇರಿ ಕಾಲಿಡಲು ಜಾಗ ಇರುವುದಿಲ್ಲ, ಅದಕ್ಕೆ ಮೊದಲೇ ಮುಗಿಸಿಕೊಳ್ಳಿ. ಶುಕ್ರವಾರ ಮಧ್ಯಾಹ್ನ ನಮಾಜಿನ ಹೊತ್ತಿಗೆ ಬಾಗಿಲು ಹಾಕಿರುತ್ತದೆ, ಭಾನುವಾರ ಪೂರ್ತಿ ರಜೆ. ಕಡತವನ್ನು ಪಿಡಿಎಫ್ ಮಾಡಿಯೇ ತೆಗೆದುಕೊಂಡು ಹೋಗಿ, ಪೆನ್‌ಡ್ರೈವ್ ಕೊಟ್ಟರೆ ಪ್ರಿಂಟ್ ಆದ ಮೇಲೆ ಅವರ ಕಂಪ್ಯೂಟರಿನಿಂದ ಅಳಿಸಿ ಅಂತ ಎದುರಲ್ಲೇ ನಿಂತು ಹೇಳಿ. ಗೂಗಲ್ ಪೇ ಆಗುತ್ತದೆ. ಬೆನ್ನಿನ ಮೇಲೆ ನಿಮ್ಮ ಹೆಸರಿನ ಸ್ಪೆಲ್ಲಿಂಗ್ ಹೇಗೆ ಬೇಕು ಅಂತ ಚೀಟಿಯಲ್ಲಿ ಬರೆದು ಕೊಡಿ. ಬಾಯಲ್ಲಿ ಹೇಳಿದರೆ ಮಲಯಾಳದ ಉಚ್ಚಾರಕ್ಕೆ ಸರಿಯಾಗಿ ಬರೆದುಬಿಡುತ್ತಾರೆ.