ಎಚ್‌ಡಿ ಡಿವಿಡಿಯಾ, ಬ್ಲೂ-ರೇನಾ? ಎರಡೂ ಮನೆಯಲ್ಲಿದ್ದಾಗ ಕಂಡದ್ದು

ಹೈ-ಡೆಫಿನಿಷನ್ ಚಿತ್ರ ನೋಡಲು 2006ರಲ್ಲಿ ಪೈಪೋಟಿಗೆ ಇಳಿದ ಎರಡು ಬಗೆಯ ಡಿಸ್ಕ್‌ಗಳಲ್ಲಿ ಎಚ್‌ಡಿ ಡಿವಿಡಿ ಸೋತಿತು, ಬ್ಲೂ-ರೇ ಗೆದ್ದಿತು. ಇದು ಎಲ್ಲರಿಗೂ ಗೊತ್ತಿರುವ ವಿಷಯ. ಆದರೆ "ಅದು ಚೆನ್ನಾಗಿರಲಿಲ್ಲ, ಅದಕ್ಕೇ ಸೋತಿತು" ಅಂತ ಯಾರಾದರೂ ಹೇಳಿದರೆ ನನಗೆ ಸುಮ್ನೆ ಕೂರಲು ಆಗುವುದಿಲ್ಲ. 2007ರಲ್ಲಿ ನಾವು ನ್ಯೂಜೆರ್ಸಿಯಲ್ಲಿದ್ದೆವು. ಟಿವಿ ಕೆಳಗಿನ ಒಂದೇ ಶೆಲ್ಫಿನಲ್ಲಿ ಎರಡೂ ಇದ್ದವು: ಒಂದು ಎಚ್‌ಡಿ ಡಿವಿಡಿ ಪ್ಲೇಯರ್, ಬ್ಲೂ-ರೇ ನೋಡಲು ಸೋನಿಯ ಗೇಮ್ ಕನ್ಸೋಲ್ ಪ್ಲೇಸ್ಟೇಷನ್ 3. ಎರಡನ್ನೂ ಬಳಸಿ ನನಗೆ ಅನ್ನಿಸಿದ್ದು ಇಷ್ಟು. ಡಿಸ್ಕ್ ಬ್ಲೂ-ರೇಯದೇ ಗಟ್ಟಿ. ಆದರೆ ದುಡ್ಡು ಕೊಟ್ಟು ಕೊಂಡವರ ಬಗ್ಗೆ ಯೋಚನೆ ಮಾಡಿ ರೂಪಿಸಿದ್ದು ಎಚ್‌ಡಿ ಡಿವಿಡಿ.

ಮೊದಲು ಬೆಲೆ. 2006ರ ಏಪ್ರಿಲ್‌ನಲ್ಲಿ ಅಮೆರಿಕಕ್ಕೆ ಬಂದ ತೋಷಿಬಾದ ಮೊದಲ ಎಚ್‌ಡಿ ಡಿವಿಡಿ ಪ್ಲೇಯರ್‌ಗೆ 499 ಡಾಲರ್. ಎರಡು ತಿಂಗಳ ನಂತರ ಬಂದ ಮೊದಲ ಬ್ಲೂ-ರೇ ಪ್ಲೇಯರ್‌ಗೆ 999 ಡಾಲರ್, ಹೆಚ್ಚುಕಡಿಮೆ ಎರಡರಷ್ಟು! ಆ ನವೆಂಬರ್‌ನಲ್ಲಿ ಪ್ಲೇಸ್ಟೇಷನ್ 3 ಬಂದ ಮೇಲೆ ಲೆಕ್ಕ ಬದಲಾಯಿತು. 499 ಅಥವಾ 599 ಡಾಲರಿಗೆ ಬ್ಲೂ-ರೇ ಜೊತೆಗೆ ಗೇಮ್ ಕನ್ಸೋಲೂ ಸಿಕ್ಕ ಹಾಗಾಯಿತು. ಎಚ್‌ಡಿ ಡಿವಿಡಿಯವರು ಬೆಲೆ ಇಳಿಸುತ್ತಲೇ ಹೋದರು. 2007ರ ನವೆಂಬರ್‌ನಲ್ಲಿ ವಾಲ್‌ಮಾರ್ಟ್‌ನಲ್ಲಿ ಒಂದು ಮಾಡೆಲ್ 98.87 ಡಾಲರಿಗೆ ಬಂತು. ಸಾಲದ್ದಕ್ಕೆ ಐದು ಡಿಸ್ಕ್ ಪುಕ್ಕಟೆ ಕೊಡುವ ಕೊಡುಗೆಯೂ ಇತ್ತು. ಬಿಲ್ಲಿನ ಪ್ರತಿ ಮತ್ತು ಡಬ್ಬದಿಂದ ಕತ್ತರಿಸಿದ ಬಾರ್‌ಕೋಡ್ ಅಂಚೆಯಲ್ಲಿ ಕಳಿಸಿದರೆ ವಾರಗಳ ನಂತರ ಡಿಸ್ಕ್‌ಗಳು ಮನೆಗೆ ಬರುತ್ತಿದ್ದವು. ನಮ್ಮ ಕೆಂಪು ಡಬ್ಬಗಳ ಸಂಗ್ರಹ ಶುರುವಾದದ್ದೇ ಹಾಗೆ. ಅಮೆರಿಕದಲ್ಲಿ ಎಚ್‌ಡಿ ಡಿವಿಡಿಗೆ ಕೆಂಪು ಡಬ್ಬ, ಬ್ಲೂ-ರೇಗೆ ನೀಲಿ.

ಚಿತ್ರದ ಗುಣಮಟ್ಟದ ಬಗ್ಗೆ ಆಗ ಜಗಳಗಳೇ ನಡೆಯುತ್ತಿದ್ದವು. ನನ್ನ ಕಣ್ಣಿಗಂತೂ ವ್ಯತ್ಯಾಸ ಕಾಣಲಿಲ್ಲ. ಎರಡರಲ್ಲೂ ಇರುವುದು ಅದೇ 405 ನ್ಯಾನೋಮೀಟರ್‌ನ ನೀಲಿ-ನೇರಳೆ ಲೇಸರ್. ಎರಡರಲ್ಲೂ 1080 ಗೆರೆಗಳ ಚಿತ್ರ. ವಾರ್ನರ್ ಸ್ಟುಡಿಯೋ ಆಗ ತನ್ನ ಚಿತ್ರಗಳನ್ನು ಎರಡೂ ಬಗೆಯಲ್ಲಿ ಕೊಡುತ್ತಿದ್ದರಿಂದ ಒಂದೇ ಚಿತ್ರವನ್ನು ಎರಡರಲ್ಲೂ ಹಾಕಿ, ಟಿವಿಯ ಇನ್‌ಪುಟ್ ಬದಲಿಸಿ ಬದಲಿಸಿ ನೋಡಿದ್ದೇನೆ. ಯಾವುದು ಯಾವುದೆಂದು ಹೇಳದೆ ಹೆಂಡತಿಗೂ ತೋರಿಸಿದೆ. ಅವಳಿಗೂ ಗೊತ್ತಾಗಲಿಲ್ಲ. 2006ರಲ್ಲಿ ಬಂದ ಮೊದಮೊದಲ ಬ್ಲೂ-ರೇಗಳು ಮಾತ್ರ ಬೇರೆ ಕತೆ. 25 ಜಿಬಿ ಡಿಸ್ಕಿಗೆ ಎಂಪೆಗ್-2 ಎಂಬ, ವಿಡಿಯೋ ಕುಗ್ಗಿಸುವ ಹಳೆಯ ಪದ್ಧತಿಯಲ್ಲಿ ಚಿತ್ರ ತುಂಬಿಸಿದ್ದರಿಂದ ಕೆಲವು ಮಸುಕಾಗಿದ್ದವು. ಆಮೇಲೆ ಅವೂ ಸರಿಹೋದವು.

ನಿಜವಾದ ವ್ಯತ್ಯಾಸ ಗೊತ್ತಾಗುತ್ತಿದ್ದದ್ದು ದಿನದ ಬಳಕೆಯಲ್ಲಿ. ಎಚ್‌ಡಿ ಡಿವಿಡಿ ಪ್ಲೇಯರ್ ಆನ್ ಮಾಡಿದರೆ ಕಾಯಬೇಕು. ಮೊದಲ ಪೀಳಿಗೆಯ ಪೆಟ್ಟಿಗೆಯೊಳಗೆ ಇದ್ದದ್ದು ಪೆಂಟಿಯಂ 4 ಹಾಕಿ ಲಿನಕ್ಸ್ ಓಡಿಸುವ ಪೂರ್ತಿ ಕಂಪ್ಯೂಟರೇ. ಅದು ಎದ್ದು ಕೂರಬೇಕಲ್ಲ! ನಾನು ಡಿಸ್ಕ್ ಹಾಕಿ ಕಾಫಿ ಬೆರೆಸಲು ಒಳಗೆ ಹೋಗುತ್ತಿದ್ದೆ. ಪ್ಲೇಸ್ಟೇಷನ್ 3 ಈ ವಿಷಯದಲ್ಲಿ ತುಂಬಾ ಚುರುಕು, ಒತ್ತಿದ ತಕ್ಷಣ ಕೆಲಸ. ಆದರೆ ಅದರಲ್ಲಿ ಮಾಮೂಲಿ ರಿಮೋಟ್‌ಗಳು ಬಳಸುವ ಇನ್‌ಫ್ರಾರೆಡ್ ಇರಲಿಲ್ಲ, ಎಲ್ಲವೂ ಬ್ಲೂಟೂತ್. ಮನೆಯ ಟಿವಿಗೆ, ಆಂಪ್ಲಿಫೈಯರ್‌ಗೆ ಇಟ್ಟುಕೊಂಡ ಸಾಮಾನ್ಯ ರಿಮೋಟ್ ಅದಕ್ಕೆ ನಾಟುತ್ತಿರಲಿಲ್ಲ. ಮೈಸೂರಿನಿಂದ ಅಮ್ಮ ಬಂದಿದ್ದಾಗ ಗೇಮ್ ಕಂಟ್ರೋಲರ್ ಕೈಗೆ ಕೊಟ್ಟರೆ, "ಇದರಲ್ಲಿ ನಿಲ್ಸೋದು ಯಾವ್ದೋ?" ಎಂದು ಕೇಳುತ್ತಿದ್ದರು. ಎಚ್‌ಡಿ ಡಿವಿಡಿ ರಿಮೋಟನ್ನು ಅವರು ಕೇಳದೇ ಬಳಸಿದರು.

ಇನ್ನು ನನಗೆ ಈಗಲೂ ಸಿಟ್ಟು ಬರುವ ವಿಷಯ. ಎಚ್‌ಡಿ ಡಿವಿಡಿ ಪ್ಲೇಯರ್ ಅಂದರೆ ಅದರಲ್ಲಿ ನೆಟ್‌ವರ್ಕ್ ಕೇಬಲ್ ಹಾಕುವ ಜಾಗ ಇರಲೇಬೇಕು, ಏಕಕಾಲಕ್ಕೆ ಎರಡು ವಿಡಿಯೋ ತೋರಿಸುವ ಶಕ್ತಿ ಇರಲೇಬೇಕು, ಡಾಲ್ಬಿ ಟ್ರೂಎಚ್‌ಡಿ ಧ್ವನಿ ಕೇಳಿಸಲೇಬೇಕು. ಮೊದಲ ದಿನದಿಂದಲೂ ಇದು ನಿಯಮ. ಅತ್ಯಂತ ಅಗ್ಗದ ಮಾಡೆಲ್‌ಗೂ ಅದೇ. ಹಾಗಾಗಿ ಚಿತ್ರ ಓಡುತ್ತಿರುವಾಗ ಒಂದು ಬಟನ್ ಒತ್ತಿದರೆ ಮೂಲೆಯಲ್ಲಿ ಚಿಕ್ಕ ಕಿಟಕಿ ತೆರೆದುಕೊಂಡು, ಆ ದೃಶ್ಯವನ್ನು ಹೇಗೆ ತೆಗೆದೆವು ಎಂದು ನಿರ್ದೇಶಕರು ಹೇಳುತ್ತಿದ್ದರು. ಆ ಕಿಟಕಿಯ ಹಿಂದೆ ಚಿತ್ರ ನಿಲ್ಲುತ್ತಲೇ ಇರಲಿಲ್ಲ. ನನಗೆ ಇದು ತುಂಬಾ ಇಷ್ಟವಾಗಿತ್ತು.

ಬ್ಲೂ-ರೇಯಲ್ಲಿ ಈ ಸವಲತ್ತು ಕಂತಿನಲ್ಲಿ ಬಂತು. ಪ್ಲೇಯರಿನಲ್ಲಿ ಏನೇನು ಇರಬೇಕು ಎಂಬ ಪಟ್ಟಿಗೆ ಅಲ್ಲಿ ಪ್ರೊಫೈಲ್ ಎಂದು ಹೆಸರು. ಮೊದಲು ಬಂದವು ಪ್ರೊಫೈಲ್ 1.0 ಪ್ಲೇಯರ್‌ಗಳು. ಅವುಗಳಲ್ಲಿ ಎರಡನೇ ಕಿಟಕಿ ಇಲ್ಲ. 2007ರ ನವೆಂಬರ್ ನಂತರದ ಹೊಸ ಪ್ಲೇಯರ್‌ಗಳಿಗೆ 1.1 ಕಡ್ಡಾಯವಾಯಿತು. ನೆಟ್‌ವರ್ಕ್ ಬೇಕೆಂದರೆ 2.0ಕ್ಕೆ ಕಾಯಬೇಕು. ಪ್ಲೇಸ್ಟೇಷನ್ 3ಗೆ ಇದೆಲ್ಲ ಸಾಫ್ಟ್‌ವೇರ್ ಅಪ್‌ಡೇಟಿನಲ್ಲೇ ಸಿಕ್ಕಿತು, ಪುಣ್ಯ. ಆದರೆ 2006ರಲ್ಲಿ ಸಾವಿರ ಡಾಲರ್ ಕೊಟ್ಟು ಬೇರೆ ಬ್ಲೂ-ರೇ ಪ್ಲೇಯರ್ ಕೊಂಡವರು? ಮೊದಲೇ ನಂಬಿ ಬಂದವರಿಗೇ ಕಡಿಮೆ ಸಿಕ್ಕಿತು. ಇದು ನ್ಯಾಯ ಅಂತ ನನಗೆ ಯಾವತ್ತೂ ಅನ್ನಿಸಿಲ್ಲ.

ಊರಿಗೆ ಹೋಗಿಬರುವ ನಮ್ಮಂಥವರಿಗೆ ಇದಕ್ಕಿಂತಲೂ ಮುಖ್ಯವಾದದ್ದು ರೀಜನ್ ಕೋಡ್, ಅಂದರೆ ಒಂದು ಪ್ರದೇಶದ ಡಿಸ್ಕ್ ಇನ್ನೊಂದು ಪ್ರದೇಶದ ಪ್ಲೇಯರಿನಲ್ಲಿ ಓಡದಂತೆ ಹಾಕುವ ಬೀಗ. ಎಚ್‌ಡಿ ಡಿವಿಡಿಗೆ ಅದು ಇರಲೇ ಇಲ್ಲ. ಎಲ್ಲಿ ಕೊಂಡ ಡಿಸ್ಕಾದರೂ ಎಲ್ಲಿಯ ಪ್ಲೇಯರಿನಲ್ಲಾದರೂ ಓಡುತ್ತಿತ್ತು. ಅಮೆರಿಕದಲ್ಲಿ ಬ್ಲೂ-ರೇಯಲ್ಲಿ ಮಾತ್ರ ಸಿಗುತ್ತಿದ್ದ ಕೆಲವು ಚಿತ್ರಗಳು ಯೂರೋಪಿನಲ್ಲಿ ಹಕ್ಕು ಬೇರೆ ಕಂಪನಿಯ ಕೈಯಲ್ಲಿದ್ದ ಕಾರಣ ಎಚ್‌ಡಿ ಡಿವಿಡಿಯಲ್ಲಿ ಬರುತ್ತಿದ್ದವು. ಬ್ರಿಟನ್ನಿನಿಂದ ತರಿಸಿಕೊಂಡು ಹಾಗೆಯೇ ಹಾಕಿ ನೋಡಬಹುದಿತ್ತು. ಬ್ಲೂ-ರೇಯಲ್ಲಿ ಅಮೆರಿಕ 'ಎ', ಯೂರೋಪ್ 'ಬಿ', ಭಾರತ 'ಸಿ'. ಎಲ್ಲ ಡಿಸ್ಕಿಗೂ ಬೀಗ ಇರುವುದಿಲ್ಲ, ನಿಜ. ಆದರೆ ಇದ್ದರೆ ಮುಗಿಯಿತು. ನಾವು ಬೆಂಗಳೂರಿಗೆ ವಾಪಸ್ ಬಂದು ಇಲ್ಲಿ ಬ್ಲೂ-ರೇ ಪ್ಲೇಯರ್ ಕೊಂಡ ಮೇಲೆ, ಅಲ್ಲಿಂದ ತಂದ ಕೆಲವು ಡಿಸ್ಕ್‌ಗಳು ರೀಜನ್ ಸರಿಯಿಲ್ಲ ಎಂಬ ಸಂದೇಶ ತೋರಿಸಿ ನಿಂತವು. ನ್ಯಾಯವಾಗಿ ದುಡ್ಡು ಕೊಟ್ಟು ಕೊಂಡ ಡಿಸ್ಕ್ ನಮ್ಮ ಮನೆಯಲ್ಲೇ ಓಡದಿದ್ದರೆ ಹೇಗೆ, ಅಲ್ವಾ?

ಇನ್ನು ಡಿಸ್ಕ್. ಇಲ್ಲಿ ಬ್ಲೂ-ರೇಗೆ ಎದುರಿಲ್ಲ. ಒಂದು ಪದರದಲ್ಲಿ 25 ಜಿಬಿ, ಎರಡರಲ್ಲಿ 50. ಎಚ್‌ಡಿ ಡಿವಿಡಿಯಲ್ಲಿ 15 ಮತ್ತು 30. ಬ್ಲೂ-ರೇಯಲ್ಲಿ ಮಾಹಿತಿಯ ಪದರ ಮೇಲ್ಮೈಯಿಂದ ಬರೀ 0.1 ಮಿಲಿಮೀಟರ್ ಒಳಗಿದೆ. ಎಚ್‌ಡಿ ಡಿವಿಡಿಯಲ್ಲಿ ಹಳೆಯ ಡಿವಿಡಿಯಂತೆಯೇ 0.6. ಅಷ್ಟು ಹತ್ತಿರ ಇರುವುದರಿಂದಲೇ ಬ್ಲೂ-ರೇಗೆ ಗಟ್ಟಿ ಲೇಪನ ಹಾಕಬೇಕಾಯಿತು, ಅದೇ ವರವಾಯಿತು. ಮಕ್ಕಳು ಸೋಫಾ ಮೇಲೆ ಎಸೆದ, ಬಿಸ್ಕತ್ತಿನ ಕೈಯಲ್ಲಿ ಮುಟ್ಟಿದ ಬ್ಲೂ-ರೇಗಳು ಮೆತ್ತನೆ ಬಟ್ಟೆಯಲ್ಲಿ ಒರೆಸಿದರೆ ಓಡುತ್ತಿದ್ದವು. ಎಚ್‌ಡಿ ಡಿವಿಡಿಯನ್ನು ಹಾಗೆ ಬಿಡುವ ಹಾಗಿರಲಿಲ್ಲ. ಅದರಲ್ಲೂ ಕಾಂಬೊ ಡಿಸ್ಕ್: ಒಂದು ಕಡೆ ಎಚ್‌ಡಿ ಡಿವಿಡಿ, ತಿರುಗಿಸಿದರೆ ಮಾಮೂಲಿ ಡಿವಿಡಿ. ಕಾರಿನ ಪ್ಲೇಯರ್‌ಗೂ ಆಗುತ್ತದೆ ಎಂಬುದು ಒಳ್ಳೆಯ ಯೋಚನೆಯೇ. ಆದರೆ ಎರಡೂ ಕಡೆ ಹೊಳಪು. ಹೆಸರು ಬರೆಯಲು ನಡುವಿನ ತೂತಿನ ಸುತ್ತ ಒಂದು ಸಣ್ಣ ಉಂಗುರದಷ್ಟೇ ಜಾಗ. ದೀಪದ ಕೆಳಗೆ ಹಿಡಿದು, ಕಣ್ಣು ಕಿರಿದು ಮಾಡಿ ಓದಿದರೆ ಮಾತ್ರ ಯಾವ ಕಡೆ ಯಾವುದು ಎಂದು ಗೊತ್ತಾಗುತ್ತಿತ್ತು. ಬೆಲೆಯೂ ಜಾಸ್ತಿ.

ಆದರೆ ಗೆಲುವು ಸೋಲನ್ನು ತೀರ್ಮಾನಿಸಿದ್ದು ಇದ್ಯಾವುದೂ ಅಲ್ಲ, ಸ್ಟುಡಿಯೋಗಳು. ಡಿಸ್ನಿ, ಫಾಕ್ಸ್, ಸೋನಿ ಬ್ಲೂ-ರೇ ಕಡೆ. ಯೂನಿವರ್ಸಲ್ ಎಚ್‌ಡಿ ಡಿವಿಡಿ ಕಡೆ. ಎರಡೂ ಕಡೆ ಇದ್ದ ಪ್ಯಾರಮೌಂಟ್ 2007ರ ಆಗಸ್ಟ್‌ನಲ್ಲಿ ಡ್ರೀಮ್‌ವರ್ಕ್ಸ್ ಅನಿಮೇಷನ್ ಜೊತೆ ಎಚ್‌ಡಿ ಡಿವಿಡಿಗೆ ಬಂತು. ಮಕ್ಕಳಿರುವ ಮನೆಯಲ್ಲಿ ಇದರ ಅರ್ಥ ಏನೆಂದರೆ, ಡಿಸ್ನಿಯ ಪಿಕ್ಸರ್ ಚಿತ್ರಗಳು ಬೇಕಾದರೆ ಒಂದು ಪೆಟ್ಟಿಗೆ, ಡ್ರೀಮ್‌ವರ್ಕ್ಸ್‌ನ ಶ್ರೆಕ್ ಬೇಕಾದರೆ ಇನ್ನೊಂದು. ನಾವು ಎರಡನ್ನೂ ಕೊಂಡದ್ದು ಇದಕ್ಕೇ. 2008ರ ಜನವರಿ 4ರಂದು ವಾರ್ನರ್ ಬ್ಲೂ-ರೇ ಕಡೆಗೆ ವಾಲಿದ ಮೇಲೆ ಎಲ್ಲವೂ ಬೇಗ ಬೇಗ ನಡೆದುಹೋಯಿತು. ಫೆಬ್ರವರಿಯಲ್ಲಿ ಆಗ ಡಿಸ್ಕ್ ಬಾಡಿಗೆಗೆ ಕೊಡುತ್ತಿದ್ದ ನೆಟ್‌ಫ್ಲಿಕ್ಸ್, ಅಂಗಡಿಗಳಾದ ಬೆಸ್ಟ್ ಬೈ, ವಾಲ್‌ಮಾರ್ಟ್ ಒಂದರ ಹಿಂದೆ ಒಂದು ಬ್ಲೂ-ರೇ ಹಿಡಿದವು. 19ರಂದು ತೋಷಿಬಾ ಎಚ್‌ಡಿ ಡಿವಿಡಿಯನ್ನೇ ನಿಲ್ಲಿಸುವುದಾಗಿ ಹೇಳಿತು.

ಈಗಲೂ ನಿಮ್ಮ ಬಳಿ ಕೆಂಪು ಡಬ್ಬಗಳಿದ್ದರೆ ತೆಗೆದು ಪರೀಕ್ಷಿಸಿ. ಮೊದಲ ಹತ್ತು ನಿಮಿಷ ನೋಡಿ ಸಾಕು ಅಂದುಕೊಳ್ಳಬೇಡಿ. ನಮ್ಮಲ್ಲಿ ಕೆಟ್ಟವು ಶುರುವಿನಲ್ಲಿ ಚೆನ್ನಾಗಿಯೇ ಓಡಿ, ನಡುವೆ ಎರಡನೇ ಪದರಕ್ಕೆ ಹೋಗುವಾಗ ನಿಂತವು. ಹೆಚ್ಚಿನವು ಒಂದೇ ಸ್ಟುಡಿಯೋದವು. ಮೇಲ್ಮೈಯಲ್ಲಿ ಒಂದು ಗೀರೂ ಇಲ್ಲ. ಪ್ಲೇಯರ್ ಕೈಕೊಟ್ಟಿದ್ದರೆ ಎಕ್ಸ್‌ಬಾಕ್ಸ್ 360ಗೆಂದು ಮಾರುತ್ತಿದ್ದ ಎಚ್‌ಡಿ ಡಿವಿಡಿ ಡ್ರೈವ್ ಹುಡುಕಿ. ಅದು ಯುಎಸ್‌ಬಿಯದು, ಕಂಪ್ಯೂಟರಿಗೆ ಸಿಕ್ಕಿಸಿದರೂ ಡಿಸ್ಕ್ ಓದುತ್ತದೆ. ಅಮೆರಿಕದ ಡ್ರೈವ್ ತಂದರೆ ಅದರ ಪವರ್ ಅಡಾಪ್ಟರ್ ನಮ್ಮ 230 ವೋಲ್ಟಿಗೆ ಹೊಂದುತ್ತದೆಯೇ ಎಂದು ಮೇಲಿನ ಚೀಟಿ ಓದಿಯೇ ಪ್ಲಗ್ಗಿಗೆ ಹಾಕಿ.