ಜಾನಿ ಆಪಲ್‌ಸೀಡ್: ಚಿತ್ರಕ್ಕೆ ಪೂರ್ತಿ ಅಂಕ, ಬೀಜದ್ದೇ ತಕರಾರು

ಸ್ಟೀವನ್ ಕೆಲಾಗ್ ಬರೆದು, ಚಿತ್ರವನ್ನೂ ತಾವೇ ಬಿಡಿಸಿದ 1988ರ ಈ ಪುಸ್ತಕ ಮಲಗುವ ಹೊತ್ತಿಗೆ ಬೇಗ ಮುಗಿಯುವಂಥದ್ದಲ್ಲ. ಅಮೆರಿಕದಲ್ಲಿ ದಾರಿಯುದ್ದಕ್ಕೂ ಸೇಬಿನ ಬೀಜ ಎರಚುತ್ತ ಹೋದನೆಂದು ದಂತಕಥೆ ಹೇಳುವ ಜಾನಿಯ ಕಥೆಯಿದು. ಪುಟದ ತುಂಬ ಮರ, ಪ್ರಾಣಿ, ಜನ ಕಿಕ್ಕಿರಿದಿವೆ. ದೊಡ್ಡವರು ಎರಡು ಸಾಲು ಓದುವಷ್ಟರಲ್ಲಿ ಮಕ್ಕಳ ಬೆರಳು ಚಿತ್ರದ ಮೂಲೆ ಸೇರಿರುತ್ತದೆ, ಅಲ್ಲಿಂದ ಎಬ್ಬಿಸುವುದೇ ಕಷ್ಟ. ನಾಲ್ಕೈದು ವರ್ಷದವರಿಗೆ ಇಂಗ್ಲಿಷ್ ಪಠ್ಯ ಉದ್ದವಾಯಿತು. ಚಿತ್ರ ತೋರಿಸುತ್ತ ಕನ್ನಡದಲ್ಲೇ ಹೇಳಿ, ಎರಡು ರಾತ್ರಿಗೆ ಹಂಚಿಕೊಳ್ಳಿ.

ತಕರಾರು ಶುರುವಾಗುವುದು ಮರುದಿನ. ಕಥೆ ಕೇಳಿದ ಮಗು ಸೇಬಿನ ಬೀಜವನ್ನು ಕುಂಡದಲ್ಲಿ ಊರಿಯೇ ಊರುತ್ತದೆ. ಅದು ಸಾಮಾನ್ಯವಾಗಿ ಮೊಳೆಯುವುದಿಲ್ಲ, ಏಕೆಂದರೆ ಆ ಬೀಜಕ್ಕೆ ಮೊದಲು ಚಳಿಗಾಲ ಕಳೆಯಬೇಕು. ಬೀಜ ತೊಳೆದು, ಒದ್ದೆ ಮಾಡಿ ಚೆನ್ನಾಗಿ ಹಿಂಡಿದ ಟಿಶ್ಯೂನಲ್ಲಿ ಸುತ್ತಿ, ಜಿಪ್ ಕವರಿಗೆ ಹಾಕಿ ಫ್ರಿಜ್ಜಿನಲ್ಲಿ 60ರಿಂದ 90 ದಿನ ಇಡಿ. ಫ್ರೀಜರ್ ಬೇಡ. ನೀರು ಜಾಸ್ತಿಯಾದರೆ ಕೊಳೆಯುತ್ತದೆ. ವಾರಕ್ಕೊಮ್ಮೆ ತೆರೆದು ನೋಡಿ, ಬೂಷ್ಟು ಕಂಡರೆ ಬೀಜ ತೊಳೆದು ಟಿಶ್ಯೂ ಬದಲಿಸಿ. ಬಿಳಿ ಬೇರು ಇಣುಕಿದ ಮೇಲೆ ಒಂದು ಸೆಂ.ಮೀ. ಆಳಕ್ಕೆ ಊರಿದರೆ ಸಾಕು.

ಮೊಳೆತರೂ, ತಿಂದ ಹಣ್ಣೇ ಬಿಡುತ್ತದೆಂದು ಮಗುವಿಗೆ ಮಾತು ಕೊಡಬೇಡಿ. ಸೇಬಿನ ಹೂವು ಸಾಮಾನ್ಯವಾಗಿ ಕಾಯಿ ಕಟ್ಟುವುದು ಬೇರೆ ತಳಿಯ ಪರಾಗದಿಂದ. ಹಾಗಾಗಿ ಒಂದೊಂದು ಬೀಜವೂ ಹೊಸ ಬೆರಕೆ, ಹೆಚ್ಚಿನವು ಹುಳಿ ಅಥವಾ ಒಗರು. 1774ರಲ್ಲಿ ಮ್ಯಾಸಚೂಸೆಟ್ಸ್‌ನ ಲೆಮಿನ್‌ಸ್ಟರ್‌ನಲ್ಲಿ ಹುಟ್ಟಿದ ಜಾನ್ ಚಾಪ್‌ಮನ್, ಅಂದರೆ ನಿಜವಾದ ಜಾನಿ, ಬೀಜ ಆಯ್ದದ್ದು ಪೆನ್ಸಿಲ್ವೇನಿಯಾದ ಸೈಡರ್ (ಸೇಬಿನ ಹೆಂಡ) ಗಾಣಗಳಲ್ಲಿ ರಸ ಹಿಂಡಿ ಉಳಿದ ಚರಟದಿಂದ. ಕಸಿ ಕಟ್ಟುವುದನ್ನು ಆತ ಒಪ್ಪುತ್ತಿರಲಿಲ್ಲ. ಅಂಥ ಮರಗಳ ಹಣ್ಣು ಬಹುಪಾಲು ಹೋದದ್ದು ಹೆಂಡದ ಪೀಪಾಯಿಗೆ. ಮಲಗುವ ಹೊತ್ತಿನ ಕಥೆಗೆ ಅದು ಒಗ್ಗುವುದಿಲ್ಲ, ಬಿಡಿ.

ಆದರೆ ಎಂಟು ದಾಟಿದವರಿಗೆ ಇದನ್ನೂ ಸೇರಿಸಿ ಹೇಳಿದರೆ ಪುಸ್ತಕದ ರುಚಿ ಹೆಚ್ಚುತ್ತದೆ. ಚಾಪ್‌ಮನ್ ದಾರಿಯುದ್ದಕ್ಕೂ ಬೀಜ ಎರಚುತ್ತ ಹೋದವನಲ್ಲ. ಬೇಲಿ ಕಟ್ಟಿ ನರ್ಸರಿ ಮಾಡಿ, ವಲಸಿಗರಿಗೆ ಸಸಿ ಮಾರುತ್ತಿದ್ದ. ಗಿರಾಕಿಗಳಿಗೂ ಬರವಿರಲಿಲ್ಲ: ಓಹಿಯೋದ ಒಂದು ಭಾಗದಲ್ಲಿ ಜಮೀನು ಉಳಿಸಿಕೊಳ್ಳಲು 50 ಸೇಬು, 20 ಪೀಚ್ ಗಿಡ ನೆಡಬೇಕೆಂಬ ಷರತ್ತೇ ಇತ್ತು.

ಕೊಳ್ಳಬಹುದಾದ ಪುಸ್ತಕ, ಐದಕ್ಕೆ ನಾಲ್ಕು. ಬೆಂಗಳೂರಿನಂಥ ಕಡೆ ಹಣ್ಣೇ ಬೇಕೆಂದು ಮಗು ಹಟ ಹಿಡಿದರೆ, ಕಡಿಮೆ ಚಳಿ ಸಾಕಾಗುವ ಎಚ್‌ಆರ್‌ಎಂಎನ್-99 ಎಂಬ ಸೇಬು ತಳಿಯ ಕಸಿ ಸಸಿ ತನ್ನಿ. ಅನ್ನಾ ತಳಿ ತಂದರೆ ಪರಾಗಕ್ಕೆಂದು ಪಕ್ಕದಲ್ಲಿ ಡಾರ್ಸೆಟ್ ಗೋಲ್ಡನ್ ಒಂದನ್ನೂ ನೆಡಬೇಕಾಗುತ್ತದೆ.